ಕಟ್ಟಿದ ಕೈಯೇ ಬಿಚ್ಚಬೇಕು

"ಮುಟ್ಟಬ್ಯಾಡ! ನನ್ನ ಕೈ ಮುಟ್ಟಬ್ಯಾಡ ನೀ!"

ಪ್ಲಾಸ್ಟರ್ ರೂಮಿನಲ್ಲಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಕಾಲಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ ಮುದುಕನೊಬ್ಬ ತನ್ನ ನೋವು ಮರೆತು ಬಾಯಿ ತೆರೆದುಕೊಂಡು ಕೂತ.

ನಂದಾ ಸ್ಟೂಲಿನಿಂದ ಎದ್ದು ನಿಂತಿದ್ದಳು. ತನ್ನ ಬಲಗೈಯನ್ನು ಎಡಗೈಯಿಂದ ಎದೆಗೆ ಅವಚಿಕೊಂಡಿದ್ದಳು. ಎದುರಿಗೆ ಅಳತೆ ಟೇಪು ಹಿಡಿದು ನಿಂತಿದ್ದವನು ಸಿದ್ದರಾಯ.

ಮೂರು ವರ್ಷ! ತಲೆಯ ರುಮಾಲು ಇಲ್ಲ, ಹೆಗಲ ಮೇಲಿನ ಕಂಬಳಿ ಇಲ್ಲ. ಆಸ್ಪತ್ರೆಯ ನೀಲಿ ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ. ಆದರೆ ಆ ಕೈಗಳು... ಉದ್ದ ಬೆರಳಿನ ಆ ಕೈಗಳನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು.

'ಇವೇ ಕೈ. ನನ್ನ ಕೈ ತಿಂದ ಕೈ!'

"ನಂದಾ ಅವ್ರ... ಅಳತಿ ತಗೊಳಾಕ ಮೇಡಮ್ಮಾರು ಹೇಳ್ಯಾರ್ರಿ..." ಎಂದ.

"ಅಳತಿ? ಹನ್ನೊಂದು ದಿನಾ ಬಾಗಲಾ ನೋಡ್ಕೋತ ಬಿದ್ದಿದ್ದೆ. ಆಗ ಎಲ್ಲಿ ಹೋಗಿತ್ತು ನಿನ್ನ ಅಳತಿ?"

ಸಿದ್ದರಾಯ ತಲೆ ಎತ್ತಿದ. ನಂದಾಳನ್ನಲ್ಲ, ಅವಳ ಬೆನ್ನ ಹಿಂದೆ ನಿಂತಿದ್ದ ತಾಯಿ ರುದ್ರವ್ವನನ್ನು ನೋಡಿದ. ರುದ್ರವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಜುಬೇರಣ್ಣಾ, ಇವರ ಅಳತಿ ನೀ ತಗೋ," ಎಂದು ಜೊತೆಗಾರನ ಕೈಗೆ ಟೇಪು ಕೊಟ್ಟು ಹೊರಗೆ ನಡೆದ.

ಆ ಒಂದು ನೋಟವನ್ನು ನಂದಾ ಗಮನಿಸಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು ನೋಡಿ! ಆದರೆ ಸಿಟ್ಟು ಬಂದವರಿಗೆ ಎದುರಿಗಿದ್ದವರಷ್ಟೇ ಕಾಣುತ್ತಾರೆ. ಬೆನ್ನ ಹಿಂದೆ ನಿಂತವರು ಕಾಣುವುದಿಲ್ಲ.

* * *

ಬಬಲೇಶ್ವರದಲ್ಲಿ ರುದ್ರವ್ವನದು ನಾಲ್ಕೆಕರೆ ದ್ರಾಕ್ಷಿ ತೋಟ, ಅದರಾಚೆ ಒಂದಿಷ್ಟು ಜೋಳದ ಹೊಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಜೋಳ ಕೊಯ್ದಾದ ಮೇಲೆ, ಗೊಬ್ಬರವಾಗಲಿ ಎಂದು ಹೊಲದಲ್ಲಿ ಕುರಿ ನಿಲ್ಲಿಸುವುದು ಆ ಕಡೆಯ ರೂಢಿ. ಕಳ್ಳಕವಟಗಿಯ ಶಿವಲಿಂಗಜ್ಜ ಪ್ರತಿ ವರ್ಷ ತನ್ನ ಕುರಿ ತರುತ್ತಿದ್ದ. ಜೊತೆಗೆ ಮೊಮ್ಮಗ ಸಿದ್ದರಾಯ.

ಶಿವಲಿಂಗಜ್ಜನ ಹೆಸರು ಕುರಿಗಿಂತ ಎಲುಬಿಗೆ ಹೆಚ್ಚು. ಕುರಿಯ ಕಾಲು ಮುರಿದರೆ ಬಿದಿರು ದಬ್ಬೆ, ಬಟ್ಟೆ, ಕೋಳಿಮೊಟ್ಟೆಯ ಲೋಳೆ ಹಾಕಿ ಕಟ್ಟುತ್ತಿದ್ದವನು, ಬರಬರುತ್ತ ಮನುಷ್ಯರ ಕೈಕಾಲನ್ನೂ ಕಟ್ಟತೊಡಗಿದ. ಅರಕೇರಿಯಿಂದಲೂ ಜನ ಬರುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ತೆಂಗಿನಕಾಯಿ ಅಷ್ಟೇ. ಒಂದು ಕಟ್ಟಳೆ ಮಾತ್ರ ಇತ್ತು. ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆಯವರು ಮುಟ್ಟಿದರೆ ಎಲುಬು ಸೊಟ್ಟ ಕೂಡುತ್ತದೆ! ಸುತ್ತಲಿನ ಹಳ್ಳಿಗಳಲ್ಲಿ ಈ ಮಾತು ಗೊತ್ತಿಲ್ಲದವರಿಲ್ಲ.

ಮೊಮ್ಮಗನ ಕೈಯಲ್ಲೂ ಆ ವಿದ್ಯೆ ಇಳಿದಿತ್ತು. ಒಮ್ಮೆ ನಂದಾ ಕಾಲು ಮುರಿದ ಆಡಿನ ಮರಿಯೊಂದನ್ನು ಎತ್ತಿಕೊಂಡು ಹೋದಳು. ಸಿದ್ದರಾಯ ಕಟ್ಟಿದ. ಮೂರು ದಿನಕ್ಕೊಮ್ಮೆ ಮನೆಗೆ ಬಂದು ಬಿಚ್ಚಿ, ನೋಡಿ, ಮತ್ತೆ ಕಟ್ಟಿದ. ಅವಳು ಕೊಟ್ಟ ಮಜ್ಜಿಗೆಯ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತ ಕುಡಿದ. ಮರಿಯ ಕಾಲು ಹದಿನೈದು ದಿನಕ್ಕೆ ನೆಟ್ಟಗಾಗಿ ಅದು ಅಂಗಳ ತುಂಬ ಜಿಗಿದಾಡಿತು.

ಆದರೂ ಅವನು ಇನ್ನೆರಡು ಸಲ ನೋಡಲು ಬಂದ!

"ಮರಿ ಆರಾಮ ಐತಲ್ಲೋ," ಎಂದು ನಂದಾ ನಕ್ಕಿದ್ದಳು.

"ನೋಡಿ ಹೋದ್ರ ಚಲೋರಿ..." ಎಂದಿದ್ದ. ಕಿವಿ ಕೆಂಪಗಾಗಿದ್ದವು. ಅವನು ಹೋದ ಮೇಲೆ ನಂದಾಳ ಕಿವಿಯೂ ಕೆಂಪಗಾಗಿದ್ದನ್ನು ರುದ್ರವ್ವ ಒಲೆಯ ಮುಂದೆ ಕೂತೇ ನೋಡಿದ್ದಳು.

ಮುಂದಿನ ವರ್ಷದ ಹೊತ್ತಿಗೆ ಶಿವಲಿಂಗಜ್ಜ ತೀರಿಕೊಂಡಿದ್ದ, ಕುರಿ ತಂದವನು ಸಿದ್ದರಾಯ ಒಬ್ಬನೇ. ಆ ಬೇಸಿಗೆಯಲ್ಲೇ ನಂದಾ ಒಣದ್ರಾಕ್ಷಿ ಶೆಡ್ಡಿನ ಮೇಲಿನ ಬಲೆ ಹತ್ತಿ ದ್ರಾಕ್ಷಿ ಹರವುವಾಗ ಕಾಲು ಜಾರಿ ಕಲ್ಲಿನ ಮೇಲೆ ಬಿದ್ದಳು. ಬಲ ಮೊಣಕೈ ನುಚ್ಚುನೂರು. ಎಲುಬು ಚುಚ್ಚಿ ಚರ್ಮ ಹರಿದು ರಕ್ತ ಬರುತ್ತಿತ್ತು. ಹೊಲದಿಂದ ಓಡಿ ಬಂದ ಸಿದ್ದರಾಯ ಕೈ ನೋಡಿ ಒಂದು ಗಳಿಗೆ ಸುಮ್ಮನೆ ಕೂತ. ಆಮೇಲೆ ದಬ್ಬೆ ತರಲು ಎದ್ದ.

"ಮೂರು ದಿನಕ್ಕ ಬಂದು ಬಿಚ್ಚಿ ನೋಡತೇನ್ರಿ. ಅಲ್ಲೀತನಕಾ ಯಾರೂ ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದ.

ಮೂರು ದಿನವಾಯಿತು. ಬರಲಿಲ್ಲ. ಆರಾಯಿತು. ಬರಲಿಲ್ಲ! ಬೆರಳು ಬಾತು ಕಪ್ಪಿಟ್ಟವು. ಜ್ವರ ಏರಿತು. ಕಟ್ಟಿನೊಳಗಿಂದ ಕೆಟ್ಟ ವಾಸನೆ...

"ಅವ್ವಾ, ಬಿಚ್ಚಬೇ... ಸಾಯತೇನಿ..."

"ಕಟ್ಟಿದ ಕೈಯ ಬಿಚ್ಚಬೇಕು ನನ್ನವ್ವಾ. ಇಲ್ಲಂದ್ರ ಕೈ ಸೊಟ್ಟ ಆಕ್ಕತಿ."

"ಅಂವಗ ಹೇಳಿ ಕಳಸು..."

"ಕಳಿಸೇನಿ. ಅಂವ ಬರವಲ್ಲ."

ಹನ್ನೊಂದನೆಯ ದಿನ ನಂದಾಳಿಗೆ ಎಚ್ಚರ ತಪ್ಪಿತು. ವಿಜಯಪುರದ ಆಸ್ಪತ್ರೆಯಲ್ಲಿ ಯಾರೋ ಕತ್ತರಿ ಹಾಕಿ ಕಟ್ಟು ಬಿಚ್ಚಿದರು. ಜೀವ ಉಳಿಯಿತು, ಕೈ ಉಳಿಯಿತು, ಕೀಲು ಉಳಿಯಲಿಲ್ಲ. ಕೀವು ಮೊಣಕೈಯನ್ನೇ ತಿಂದು ಹಾಕಿತ್ತು. ಸತ್ತ ಎಲುಬನ್ನು ಮೂರು ಸಲ ಕೆರೆದು ತೆಗೆದರು. ಆಮೇಲೆ ಅವಳ ಬಲಗೈ ಬಿಜಾಗರಿ ಕಿತ್ತ ಬಾಗಿಲಿನಂತೆ ಜೋತಾಡತೊಡಗಿತು. ಬೆರಳು ಆಡುತ್ತಿದ್ದವು, ಆದರೆ ಕೈ ತಾನಾಗಿ ಮೇಲೇಳುತ್ತಿರಲಿಲ್ಲ.

ಆವತ್ತಿನಿಂದ ಮೂರು ವರ್ಷ ರುದ್ರವ್ವನೇ ಮಗಳಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಹೋದ ವರ್ಷ ವಿಜಯಪುರದ ಜೋರಾಪುರ ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ತೊಟ್ಟಿಲ ಕಾರ್ಯ. ಪಂಕ್ತಿಯಲ್ಲಿ ತಾಯಿ ಕೈಲಿ ಉಣ್ಣಲು ನಾಚಿ ನಂದಾ ಎಡಗೈಯಿಂದ ತುತ್ತು ಎತ್ತಿದಳು.

"ಅಯ್ಯ, ಎಡಗೈ! ಶುಭ ಕಾರ್ಯದಾಗ... ಆ ಹುಡುಗಿನ್ನ ಒಳಗ ಕುಂದರಸ್ರಿ," ಎಂದಳು ಒಬ್ಬಾಕೆ.

ನಂದಾ ಎಲೆ ಬಿಟ್ಟು ಎದ್ದಳು. ಆವತ್ತೇ ತೀರ್ಮಾನಿಸಿದಳು. ಏನಾದರಾಗಲಿ, ನನ್ನ ಬಲಗೈಯಿಂದ ನಾನು ಉಣ್ಣಬೇಕು. ಅಷ್ಟೇ ಸಾಕು. ಬೇರೇನೂ ಬೇಡ!

* * *

ಡಾಕ್ಟರ್ ಕೈನಾತ ಹೋದ ವರ್ಷವಷ್ಟೇ ವಿಜಯಪುರದ ಅದೇ ಆಸ್ಪತ್ರೆಗೆ ಬಂದವರು. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ.

"ನೋಡವ್ವಾ ನಂದಾ, ಕೀವು ಪೂರಾ ಆರೇತಿ. ಈಗ ಎರಡು ದಾರಿ ಅದಾವ. ಒಂದು, ಸೊಂಟದ ಎಲುಬು ಒಂದೀಟು ತಗೊಂಡು, ಪ್ಲೇಟು ಹಾಕಿ, ಕೈನ ಒಂದ ಕಡೆ ಗಟ್ಟಿ ಮಾಡೂದು. ಮಡಚಾಕ ಬರಂಗಿಲ್ಲ. ಆದ್ರ ಕೊಡಾ ಎತ್ತಬಹುದು, ಕೆಲಸಾ ಮಾಡಬಹುದು."

"ಇನ್ನೊಂದ್ರಿ?"

"ಲೋಹದ ಕೀಲು ಕೂಡಸೂದು. ಬಾಗತೈತಿ. ಬಾಯಿಗೆ, ತಲಿಗೆ ಕೈ ಹೋಗಬಹುದು. ಆದ್ರ ಭಾರ ಎತ್ತಂಗಿಲ್ಲ. ಒಂದು ತಂಬಿಗಿ ನೀರು, ಅಷ್ಟ. ಆಯುಷ್ಯ ಪೂರ್ತಿ! ಹತ್ತು ಹದಿನೈದು ವರ್ಷಕ್ಕ ಸಡಲಾದ್ರ ಮತ್ತ ಆಪರೇಷನ್. ಕೀವು ತಿರುಗಿ ಬಂತಂದ್ರ ಕೀಲು ತಗದ ಹಾಕಬೇಕಾಕ್ಕತಿ. ಸುಳ್ಳು ಆಸೆ ತೋರಸಂಗಿಲ್ಲ ನಾ."

ಮೊದಲು ಗಟ್ಟಿ ಕೈ ಹೇಗಿರುತ್ತದೆಂದು ಎಂಟು ದಿನ ಪಟ್ಟಿ ಹಾಕಿ ನೋಡಲು ಹೇಳಿದರು. ಅದಕ್ಕೇ ಆ ಅಳತೆ, ಆ ರಂಪ! ಜುಬೇರ ಹಾಕಿಕೊಟ್ಟ ಪಟ್ಟಿಯಲ್ಲಿ ನಂದಾ ಎಂಟು ದಿನ ಕಳೆದಳು. ಬಕೆಟ್ಟು ಎತ್ತಿದಳು, ಕಸ ಗುಡಿಸಿದಳು. ಉಣ್ಣಲು ಕೂತರೆ ಕೈ ಬಾಯಿಯಿಂದ ಒಂದು ಗೇಣು ದೂರ ನಿಂತುಬಿಟ್ಟಿತು. ಎಷ್ಟು ಬಗ್ಗಿದರೂ ಒಂದು ಗೇಣು.

"ಗಟ್ಟಿ ಕೈನ ಇರಲಿ ತಂಗಿ. ಉಣಸಾಕ ನಾ ಇದ್ದೇನಲ್ಲ," ಎಂದಳು ರುದ್ರವ್ವ.

"ನೀ ಎಷ್ಟು ದಿನಾ ಇರತೀ ಅವ್ವಾ? ನನಗ ಕೊಡಾ ಬ್ಯಾಡ, ಕಸಬರಗಿ ಬ್ಯಾಡ. ನನ್ನ ಕೈಲೆ ನಾ ಉಣಬೇಕು."

ಲೋಹದ ಕೀಲೇ ಎಂದು ಬರೆಸಿ ಸಹಿ ಹಾಕಿದಳು. ಎಡಗೈಯಲ್ಲಿ, ಸೊಟ್ಟ ಅಕ್ಷರದಲ್ಲಿ.

* * *

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ. ವಾರ್ಡಿನಲ್ಲಿ ರುದ್ರವ್ವ ರೊಟ್ಟಿ ಮುರಿದು, ಬದನೆಕಾಯಿ ಎಣ್ಣಿಗಾಯಿ ಹಚ್ಚಿ ಮಗಳ ಬಾಯಿಗೆ ಇಡುತ್ತಿದ್ದಳು. ಕೈನಾತ ಮೇಡಂ ಮೂರು ವರ್ಷದ ಹಳೆಯ ಫೈಲು ತಿರುವುತ್ತ ಬಂದರು.

"ಉಣ್ಣು ಉಣ್ಣು, ಎರಡು ಮಾತು ಕೇಳಿ ಹೋಗತೇನಿ. ಕಟ್ಟು ಹಾಕಿ ಹನ್ನೊಂದನೇ ದಿನಾ ಬಂದಿ, ಹೌದಿಲ್ಲೋ? ನಡುವ ಯಾರೂ ಬಿಚ್ಚಿರಲಿಲ್ಲ?"

"ಇಲ್ಲರಿ. ಕಟ್ಟಿದಾಂವ ಬರಲೇ ಇಲ್ಲ."

ಮೇಡಂ ಹುಬ್ಬು ಗಂಟಿಕ್ಕಿ ಹಾಳೆ ನೋಡಿದರು. "ಇಲ್ಲಿ ಬ್ಯಾರೆ ಬರದೈತಲ್ಲ... 'ಮೂರನೇ ದಿನಾ, ಆರನೇ ದಿನಾ ಕಟ್ಟಿದಾತ ಗಾಯ ನೋಡಾಕ ಮನಿಗೆ ಬಂದಿದ್ದ, ನಾನ ತಿರುಗಿ ಕಳಿಸಿದೆ' ಅಂತ ತಾಯಿನ ಹೇಳ್ಯಾರ. ಹೌದನ್ರಿ ರುದ್ರವ್ವಾರ?"

ರುದ್ರವ್ವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

ಮೇಡಂ ಇಬ್ಬರ ಮುಖವನ್ನೂ ನೋಡಿದರು. ಇಲ್ಲಿ ಡಾಕ್ಟರ ಕೆಲಸವಿಲ್ಲ ಎಂದು ತಿಳಿದು ಫೈಲು ಮುಚ್ಚಿ ಹೊರಟುಹೋದರು.

ನಂದಾ ತಾಯಿಯನ್ನೇ ದಿಟ್ಟಿಸಿದಳು. 'ಇಲ್ಲ ಅನ್ನವ್ವಾ... ಸುಳ್ಳ ಬರದಾರ ಅನ್ನು...'

"ಅವ್ವಾ?"

"ನೀ ಸಾಯಾಕ ಬಿದ್ದಿದ್ದಿ ಆವತ್ತ... ಡಾಕ್ಟರ ಕೇಳಿದ್ರು. ಹೆದರಿ ಖರೇ ಹೇಳಿಬಿಟ್ಟೆ."

"ನನಗ್ಯಾಕ ಹೇಳಲಿಲ್ಲ? ಮೂರು ವರ್ಷ ಯಾಕ ಹೇಳಲಿಲ್ಲ?"

"ಮಂದಿ ಆಡಿಕೊಳ್ಳಾಕತ್ತಿದ್ರು ಯವ್ವಾ!" ರುದ್ರವ್ವನ ದನಿ ಒಡೆಯಿತು. "ಮರಿ ಕಾಲು ಆರಾಮ ಆದ ಮ್ಯಾಲೂ ಕುರಿ ಕಾಯೋ ಹುಡುಗ ಯಾಕ ಬರತಾನ ಅಂತಿದ್ರು. ಗಂಡಸಿಲ್ಲದ ಮನಿ... ಅಂವ ಬ್ಯಾರೆ ಮಂದಿ, ನಾವು ಬ್ಯಾರೆ ಮಂದಿ. ನಿನ್ನ ಲಗ್ನ ಹೆಂಗ ಮಾಡಲಿ? ಎರಡೂ ಸಲ ನಿನಗ ನಿದ್ದಿ ಹತ್ತಿತ್ತು. ಬಾಗಲದಾಗ ತಡದು, ವಿಜಯಪುರಕ್ಕ ಹೋಗಿ ದೊಡ್ಡ ಡಾಕ್ಟರ ಕಡೆ ಬಿಚ್ಚಿಸೇವಿ, ಇನ್ನ ಬರಬ್ಯಾಡ ಅಂತ ಸುಳ್ಳ ಹೇಳಿದೆ. ಕಟ್ಟಿದ್ದು ಕಟ್ಟೇತಿ, ಇಪ್ಪತ್ತೊಂದು ದಿನಕ್ಕ ತಾನ ಕೂಡತೈತಿ ಅಂದುಕೊಂಡೆ..."

"ಅಂವನ್ನ ಬರಬ್ಯಾಡ ಅಂದಿ," ನಂದಾ ಮೆಲ್ಲಗೆ, ಒಂದೊಂದೇ ಮಾತು ಹೇಳಿದಳು. "ಮತ್ತ ಅಂವನ ಬಿಚ್ಚಬೇಕು ಅಂತ ನನ್ನ ಕೊಳಸಿದಿ. ಹೆಂಗವ್ವಾ? ಎರಡೂ ಹೆಂಗ ಮಾಡಿದಿ?"

ಅಲ್ಲವೇ ಮತ್ತೆ? ರುದ್ರವ್ವ ಕಟ್ಟಿದವನನ್ನು ಬಾಗಿಲಿನಿಂದ ಅಟ್ಟಿದಳು, ಕಟ್ಟಳೆಯನ್ನು ಮಾತ್ರ ಒಳಗಿಟ್ಟುಕೊಂಡಳು! ಕೆಟ್ಟ ಹೆಂಗಸಾಗಿದ್ದರೆ ಬೈದು ಮುಗಿಸಬಹುದಿತ್ತು. ಮೂರು ವರ್ಷ ತಾನು ತಂಗಳು ತಿಂದು ಮಗಳಿಗೆ ಬಿಸಿ ರೊಟ್ಟಿ ಉಣಿಸಿದವಳನ್ನು ಏನೆಂದು ಬೈಯುವುದು?

ರುದ್ರವ್ವ ಮತ್ತೊಂದು ತುತ್ತು ಮಾಡಿ ಮುಂದೆ ಚಾಚಿದಳು.

"ಬ್ಯಾಡ," ಎಂದಳು ನಂದಾ. ತಟ್ಟೆ ತನ್ನ ಕಡೆ ಎಳೆದುಕೊಂಡು ಎಡಗೈಯಿಂದ ತಿನ್ನತೊಡಗಿದಳು. ಕಣ್ಣೀರು ರೊಟ್ಟಿಯ ಮೇಲೆ ಬೀಳುತ್ತಿತ್ತು. ಆದರೂ ಒಂದು ಚೂರೂ ಬಿಡದೆ ತಿಂದು ಮುಗಿಸಿದಳು.

* * *

ಸಂಜೆ ಐದಕ್ಕೆ ಕೆಲಸ ಮುಗಿಸಿ ಸಿದ್ದರಾಯ ಆಸ್ಪತ್ರೆಯ ಬೇವಿನ ಮರದ ಕೆಳಗೆ ಗಾಡಿ ತೆಗೆಯುತ್ತಿದ್ದ. ನಂದಾ ಜೋತ ಕೈಯನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು.

"ಸಿದ್ದರಾಯ!"

ಅವನು ಬೆಚ್ಚಿ ನಿಂತ.

"ನೀ ಬಂದಿದ್ದಿ. ಎರಡು ಸಲ ಬಂದಿದ್ದಿ... ನಾ ಎಲ್ಲಾರ ಮುಂದ ನಿನ್ನ ಬೈದೆ. ನಮ್ಮವ್ವ ಅಲ್ಲೇ ನಿಂತಿದ್ದಳು. ಯಾಕ ಬಾಯಿ ಬಿಡಲಿಲ್ಲ ನೀ?"

"ಏನಂತ ಬಿಡಲ್ರಿ? ತಪ್ಪು ಅವರದಲ್ಲ."

"ಮತ್ತ ಯಾರದು?"

ಸಿದ್ದರಾಯ ಗಾಡಿಯ ಸ್ಟ್ಯಾಂಡು ಹಾಕಿದ.

"ನನ್ನ ಒಳ್ಳೇಂವ ಅಂತ ತಿಳೀಬ್ಯಾಡ್ರಿ. ನಮ್ಮಜ್ಜ ಕಲಿಸಿದ ಮೊದಲನೇ ಮಾತು ಏನ್ ಗೊತ್ತೇನು? ಗಾಯದ ಮ್ಯಾಲೆ ಕಟ್ಟಬಾರದು. ರಕ್ತ ಕಂಡ್ರ ದವಾಖಾನಿಗೆ ಕಳಿಸಬೇಕು. ಆವತ್ತ ನಿಮ್ಮ ಕೈ ಹಿಡದಾಗ ರಕ್ತ ಕಂಡೆ. ಎಲುಬಿನ ತುದಿ ಕಂಡೆ. ದವಾಖಾನಿಗೆ ಒಯ್ರಿ ಅಂತ ಬಾಯಿತನಕಾ ಬಂದಿತ್ತು..."

"ಮತ್ತ?"

"ದವಾಖಾನಿಗೆ ಹೋದ್ರ ನನಗ ಕೆಲಸ ಇಲ್ಲ. ನಾ ಕಟ್ಟಿದ್ರ... ಮೂರು ದಿನಕ್ಕೊಮ್ಮೆ ನಿಮ್ಮ ಮನಿಗೆ ಬರಬಹುದು." ಅವನು ಗಾಡಿ ಬಿಟ್ಟು ಅವಳ ಕಡೆ ತಿರುಗಿದ. "ಮರಿ ಕಾಲು ಆರಾಮ ಆಗಿತ್ತು ನಂದಾ. ನಿನ್ನ ನೋಡಾಕ ಇನ್ನೊಂದು ನೆಪ ಬೇಕಾಗಿತ್ತು ನನಗ. ಅದಕ್ಕ ಕಟ್ಟಿದೆ."

ಈ ಮಾತನ್ನು, ಈ ಪ್ರೀತಿಯನ್ನು, ಒಂದು ಕಾಲಕ್ಕೆ ಇವನ ಬಾಯಿಂದ ಕೇಳಲು ನಂದಾ ಎಷ್ಟು ಕಾದಿದ್ದಳು! ಕೇಳಿದ್ದು ಹೀಗೆ...

"ನಮ್ಮವ್ವ ಪ್ರೀತಿಗೆ ಅಂತ ಬಾಗಲಾ ಹಾಕಿದಳು. ನೀ ಪ್ರೀತಿಗೆ ಅಂತ ಕಟ್ಟಿದಿ," ಎಂದಳು. ನಗುವೋ ಅಳುವೋ ತಿಳಿಯದ ದನಿ. "ಇಬ್ಬರೂ ಪ್ರೀತಿ ಮಾಡೇ ನನ್ನ ಕೈ ತಿಂದ್ರಿ. ಒಬ್ಬರಾದ್ರೂ ವೈರಿ ಇದ್ದಿದ್ರ ಚಲೋ ಇತ್ತು ಮಾರಾಯಾ, ಶಾಪ ಹಾಕಿ ನಿದ್ದಿ ಮಾಡತಿದ್ದೆ!"

"ಹಾಕು. ನಾ ನಿಂತೇನಿ."

"ನಾಳೆ ನನ್ನ ಆಪರೇಷನ್ ಐತಿ. ಒಳಗ ನೀ ಬರಬ್ಯಾಡ. ಆ ಜುಬೇರಣ್ಣ ಕಟ್ಟಲಿ."

"ಮೇಡಮ್ಮಾರಿಗೆ ಮೊದಲ ಹೇಳೇನಿ. ನಾ ಬರಂಗಿಲ್ಲ."

ಅವಳು ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.

* * *

ಆಪರೇಷನ್ ಐದು ತಾಸು ನಡೆಯಿತು. ಎಚ್ಚರವಾದಾಗ ಮೊದಲು ಕಂಡದ್ದು ಕೈನಾತ ಮೇಡಂ ಮುಖ.

"ಕಿರುಬೆರಳು ಆಡಸು... ಹಾಂ, ಶಾಬಾಸ್! ನರ ಉಳದೈತಿ. ಹದಿನಾಲ್ಕು ದಿನಾ ಪಟ್ಟಿ ಇರತೈತಿ. ಆಮ್ಯಾಲೆ ಕೀಲು ನನ್ನದು, ಕಷ್ಟಾ ನಿಂದು. ಮೂರು ವರ್ಷ ಮಲಗಿದ ಸ್ನಾಯು ಒಂದ ದಿನಕ್ಕ ಏಳಂಗಿಲ್ಲ."

ಪಕ್ಕದ ಹಾಸಿಗೆಗೆ ಟಿಕೋಟಾ ಕಡೆಯ ಮುದುಕಿ ಗುರುಬಾಯಿ ಬಂದಿದ್ದಳು. ಮುಂಗೈ ಮುರಿದಿತ್ತು. ಬಾಯಿ ಮಾತ್ರ ಗಟ್ಟಿಯಿತ್ತು.

"ಏನ್ ಕೇಳತೀ ನನ್ನ ಸುದ್ದಿ! ಕೈ ಕಟ್ಟಿಸಾಕ ಕಳ್ಳಕವಟಗಿಗೆ ಹೋದ್ರ ಆ ಶಿವಲಿಂಗನ ಮೊಮ್ಮಗ ಮುಟ್ಟಲೇ ಇಲ್ಲ. ರಜಾ ದಿನಾ ಊರಿಗೆ ಬಂದು ಕುಂದರತಾನಂತ, ಕಟ್ಟಾಕಲ್ಲ, ಬಂದವರನ್ನ ದವಾಖಾನಿಗೆ ಅಟ್ಟಾಕ! ಅಜ್ಜನ ಹೆಸರ ಮುಳುಗಸಾಕ ಹುಟ್ಟೀಯೇನೋ ಭಾಡ್ಯಾ ಅಂತ ಬೈದೆ ನೋಡು..."

"ಅಂವ ಏನಂದಾ ಆಯಿ?" ನಂದಾ ಕೇಳಿದಳು.

"ಏನಂತಾನ? ಗಾಯಕ್ಕ ಕಟ್ಟಿ ಒಂದು ಹುಡುಗಿ ಕೈ ತಿಂದೇನಿ ಆಯಿ, ಅದಕ್ಕ ಕುರಿ ಬಿಟ್ಟು ದವಾಖಾನಿ ಕೆಲಸಕ್ಕ ಸೇರೇನಿ, ಇನ್ನೊಂದು ತಿನ್ನಂಗಿಲ್ಲ ಅಂದ. ಗಾಡಿ ಮ್ಯಾಲೆ ಕೂಡಿಸಿಕೊಂಡು ತಾನ ಕರಕೊಂಡು ಬಂದ. ದಾರಿತುಂಬ ನಾ ಬೈಯೂದು, ಅಂವ ಹೂಂ ಹೂಂ ಅನ್ನೂದು. ಪಾಪ, ಹುಚ್ಚಪ್ಪ!"

ನಂದಾ ಗೋಡೆಯ ಕಡೆ ತಿರುಗಿ ಮಲಗಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ.

ತಾಯಿಯ ಕೈತುತ್ತನ್ನು ಅವಳು ಆವತ್ತಿನಿಂದ ಮುಟ್ಟಿರಲಿಲ್ಲ. ಎಡಗೈಯಲ್ಲೇ ಉಂಡಳು. ರುದ್ರವ್ವ ತಟ್ಟೆ ಇಟ್ಟು ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಹತ್ತನೆಯ ದಿನ ನೀರು ಕೇಳಲು ತಿರುಗಿದ ನಂದಾ ನೋಡಿದಳು. ರುದ್ರವ್ವ ಎಡಗೈಯಲ್ಲಿ ಉಣ್ಣುತ್ತಿದ್ದಳು! ಸಾರು ಮೊಣಕೈತನಕ ಇಳಿದಿತ್ತು, ಅನ್ನ ಸೀರೆಯ ತುಂಬ ಚೆಲ್ಲಿತ್ತು.

"ಅವ್ವಾ! ಏನಿದು?"

ರುದ್ರವ್ವ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕೈ ಸೆರಗಿನಲ್ಲಿ ಮುಚ್ಚಿಕೊಂಡಳು. "ನಿನಗ ಎಷ್ಟು ತ್ರಾಸ ಆಗತಿತ್ತು ಅಂತ... ನೋಡಾಕತ್ತಿದ್ದೆ ಯವ್ವಾ."

ಕ್ಷಮಿಸಿದೆ ಎನ್ನಲು ನಂದಾಳಿಗೆ ಮನಸ್ಸು ಬರಲಿಲ್ಲ. ಬಂದಿದ್ದರೂ ಅದು ಸುಳ್ಳಾಗುತ್ತಿತ್ತು.

"ಬಲಗೈಲೆ ಉಣ್ಣು," ಎಂದಳು. "ಒಂದು ಮನಿಯಾಗ ಒಂದು ಕೈ ಹಾಳಾಗಿದ್ದು ಸಾಕು."

ರುದ್ರವ್ವ ಕೈ ತೊಳೆದುಕೊಂಡು, ಬಲಗೈಯಿಂದ, ಬಿಕ್ಕುತ್ತ ಉಂಡಳು.

* * *

ಹದಿನಾಲ್ಕನೆಯ ದಿನ ಸೋಮವಾರ. ಪ್ಲಾಸ್ಟರ್ ರೂಮಿನಲ್ಲಿ ಅದೇ ಸ್ಟೂಲು. ಜುಬೇರ ಕತ್ತರಿ ತೆಗೆದುಕೊಂಡ.

"ನಿಂದ್ರೋ ಜುಬೇರಣ್ಣಾ. ಅಂವನ್ನ ಕರಿ."

"ಯಾರನ್ನ? ಕಟ್ಟಿದಾಂವ ನಾನ ಅದೇನಲ್ಲವ್ವಾ."

"ನೀ ಕಟ್ಟಿದ್ದು ಹದಿನಾಲ್ಕು ದಿನದ್ದು. ಅಂವ ಕಟ್ಟಿದ್ದು ಮೂರು ವರ್ಷದ್ದು. ಅಂವನ ಬಿಚ್ಚಲಿ."

ಜುಬೇರ ಒಮ್ಮೆ ಅವಳನ್ನು ನೋಡಿ, ತಲೆ ತುರಿಸಿಕೊಂಡು ಹೊರಗೆ ಹೋದ. ಸಿದ್ದರಾಯ ಬಂದು ಬಾಗಿಲಲ್ಲೇ ನಿಂತ.

"ಮುಟ್ಟಲ್ರಿ?"

"ಮುಟ್ಟು."

ಅವನು ಮೊಣಕಾಲೂರಿ ಕೂತ. ಪಟ್ಟಿಯನ್ನು ಒಂದೊಂದೇ ಸುತ್ತು ಬಿಚ್ಚಿದ. ಅವಳಿಗೆ ಎಲ್ಲೂ ನೋವಾಗಲಿಲ್ಲ. ಮೊಣಕೈಯ ಹಿಂದೆ ಉದ್ದಕ್ಕೆ ಇಳಿದ ಹೊಲಿಗೆ ಕಂಡಿತು. ಪಕ್ಕದಲ್ಲಿ ಹಳೆಯ ಗಾಯದ ಗುಂಡನೆಯ ಕಲೆ. ಅವನ ಕಣ್ಣು ಅದರ ಮೇಲೇ ನಿಂತಿತು.

"ಅಳಬ್ಯಾಡ. ಗಾಯದ ಮ್ಯಾಲೆ ನೀರು ಬೀಳತಾವ," ಎಂದಳು ನಂದಾ.

ಮೇಡಂ ಬಂದು ಹೊಲಿಗೆ ನೋಡಿ ತಲೆಯಾಡಿಸಿದರು. "ಎಲ್ಲಿ, ತಾನಾಗಿ ಎತ್ತು ನೋಡೂಣು."

ನಂದಾ ಕಣ್ಣು ಮುಚ್ಚಿದಳು. ಮೂರು ವರ್ಷ ಕೇಳದಿದ್ದ ಕೈಗೆ ಹೇಳಿದಳು... 'ಏಳು. ನನ್ನವ್ವಾ, ಏಳು!'

ಕೈ ಅಲುಗಿತು. ಮಡಿಲಿನಿಂದ ಎದ್ದಿತು. ಹೊಟ್ಟೆಯ ಮಟ್ಟ... ಎದೆಯ ಮಟ್ಟ... ಯಾರೂ ಹಿಡಿದಿರಲಿಲ್ಲ, ಯಾರೂ ಎತ್ತಿರಲಿಲ್ಲ! ನಡುಗುತ್ತ ಗದ್ದದ ಕೆಳಗೆ ಬಂದು ನಿಂತಿತು. ಬಾಯಿಗೆ ಇನ್ನು ನಾಲ್ಕು ಬೆರಳು.

ಅಲ್ಲಿಂದ ಮುಂದೆ ಬರಲಿಲ್ಲ. ನಂದಾ ಹಲ್ಲು ಕಚ್ಚಿದಳು, ಹಣೆಯಲ್ಲಿ ಬೆವರು ಒಡೆಯಿತು. ಬರಲಿಲ್ಲ. ಎತ್ತಿ ಮುಟ್ಟಿಸಲು ಸಿದ್ದರಾಯನ ಕೈ ತಾನಾಗಿ ಮುಂದೆ ಬಂತು... ಅವನು ಅದನ್ನು ಹಿಂದೆಳೆದುಕೊಂಡ.

ಅದನ್ನು ನಂದಾ ನೋಡಿದಳು. ಆವತ್ತು ಸುಮ್ಮನಿರಲಾಗದೆ ಕಟ್ಟಿದವನು ಇವತ್ತು ಸುಮ್ಮನಿದ್ದ.

ಅವಳೇ ಕತ್ತು ಬಗ್ಗಿಸಿ ತನ್ನ ಬೆರಳಿಗೆ ತುಟಿ ಮುಟ್ಟಿಸಿದಳು.

"ನಾಲ್ಕು ಬೆರಳು ತಾನ? ದಿನಾ ಮಾಡಿದ್ರ ಬಂದೀತು," ಎಂದ ಮೇಡಂ, ಕಣ್ಣು ಒರೆಸಿಕೊಳ್ಳುವುದನ್ನು ಮರೆಮಾಡಲು ಜುಬೇರನಿಗೆ ಏನೋ ಗದರುತ್ತ ಹೊರಗೆ ಹೋದರು.

ಸಿದ್ದರಾಯ ಬಿಚ್ಚಿದ ಪಟ್ಟಿಯನ್ನು ಸುತ್ತಿ ಎತ್ತಿಟ್ಟು ಹೊರಡಲು ಎದ್ದ.

"ಮೂರು ದಿನಕ್ಕ ಬಂದು ನೋಡತೇನಿ ಅಂದಿದ್ದಿ," ಎಂದಳು ನಂದಾ.

ಅವನು ನಿಂತ.

"ಇವತ್ತ ಸೋಮವಾರ. ನಾಳೆ ನಾವು ಮನಿಗೆ ಹೋಗತೇವಿ. ಗುರುವಾರ ಬಬಲೇಶ್ವರಕ್ಕ ಬಾ."

"ಕ್ಷಮಾ ಮಾಡಿದ್ರೇನ್ರಿ ನನ್ನ?"

"ಇಲ್ಲ. ಸಿಟ್ಟು ಐತಿ. ಈ ಕೈ ನೋಡಿದಾಗೊಮ್ಮೆ ಇರತೈತಿ. ಸಿಟ್ಟು ಇಟ್ಟುಕೊಂಡ ಬಾ ಅನ್ನಾಕತ್ತೇನಿ."

"ಏನಂತ ಬರಲಿ? ವ್ಯಾಯಾಮಾ ಇಲ್ಲೇ ಕಲಸತಾರ. ಕಟ್ಟಂತೂ ಬಿಚ್ಚಿತು. ನನಗ ಬರಾಕ ನೆಪ..."

"ನೆಪದಿಂದನ ಈ ಕೈ ಹೋಗೇತಿ!" ಅವಳ ಕಣ್ಣು ತುಂಬಿ ಬಂದವು. "ನೆಪ ಬ್ಯಾಡ. ನಂದಾನ್ನ ನೋಡಾಕ ಬಂದೇನಿ ಅಂತ ಬಾಗಲದಾಗ ನಿಂತು ಗಟ್ಟಿಯಾಗಿ ಅನ್ನು. ಓಣಿ ಮಂದಿಗೆ ಕೇಳಲಿ."

ಸಿದ್ದರಾಯ ಅವಳ ಬೆನ್ನ ಹಿಂದೆ ನೋಡಿದ. ಈ ಸಲ ನಂದಾಳೂ ತಿರುಗಿ ನೋಡಿದಳು.

ರುದ್ರವ್ವ ಬುತ್ತಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ತೆಗೆದಳು.

"ಬಾ ಯಪ್ಪಾ," ಎಂದಳು. "ಬಾಗಲಾ ನಾನ ತಗೀತೇನಿ."

ಹೊರಗೆ ಗುರುಬಾಯಿ ಯಾರನ್ನೋ ಬೈಯುವುದು ಕೇಳುತ್ತಿತ್ತು.

"ನಂದಾ..."

"ಹೂಂ?"

"ಗುರುವಾರ ಬರತೇನಿ. ನಿನ್ನ ನೋಡಾಕ."

"ಮಜ್ಜಿಗಿ ಮಾಡಿಟ್ಟಿರತೇನಿ. ತುಂಬಿದ ತಂಬಿಗಿ ಎತ್ತಬಹುದಂತ ನಾ, ಮೇಡಮ್ಮಾರು ಹೇಳ್ಯಾರ."

"ಆಪರೇಷನ್ ಆಗಿ ಇನ್ನೂ ಹದಿನಾಲ್ಕ ದಿನಾ ಆಗೇತಿ. ಈಗಂತೂ ಬ್ಯಾಡ."

"ಹಂಗಾದ್ರ ಎತ್ತೂತನಕಾ ಬರತಿರು," ಎಂದಳು ನಂದಾ.